ಹಾಡು ಮುಗಿದ ಮೇಲೆ ಒಳಗೆ ಬರುವವರು

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ನಮ್ಮಲ್ಲಿ ಸಾಮಾನ್ಯ ಸಭೆಯಾಗಲಿ ಗ್ರಾಮ ಸಭೆಯಾಗಲಿ, ಮೊದಲು ನಮ್ಮ ಬಿಲ್ ಕಲೆಕ್ಟರ್ ಗಣಪತಿ ಸ್ತುತಿ ಹಾಡುತ್ತಾರೆ. ಎಲ್ಲರೂ ಎದ್ದು ನಿಂತು ಕೈ ಮುಗಿಯುತ್ತೇವೆ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳ ಕಡೆಯಿಂದ ಗೆದ್ದು ಬಂದಿರುವ ಸದಸ್ಯರೊಬ್ಬರು ಕ್ರೈಸ್ತರು. ಕಳೆದ ಎರಡು ಸಭೆಗಳಲ್ಲಿ ಅವರು ಎದ್ದು ನಿಂತರು, ಆದರೆ ಕೈ ಮುಗಿಯಲಿಲ್ಲ. ಇದು ಸಭೆಗೆ ಮಾಡಿದ ಅವಮಾನ, ನಡಾವಳಿಯಲ್ಲಿ ಬರೆಯಬೇಕು, ಪ್ರಾರ್ಥನೆ ಕಡ್ಡಾಯವೆಂದು ಠರಾವು ಮಾಡಬೇಕು ಎಂದು ಇಬ್ಬರು ಸದಸ್ಯರು ಹಟ ಹಿಡಿದಿದ್ದಾರೆ. ಇನ್ನೊಬ್ಬರು ಪ್ರಾರ್ಥನೆಯನ್ನೇ ನಿಲ್ಲಿಸಿ ಎನ್ನುತ್ತಾರೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿದರೆ ‘ನಿಮ್ಮಿಷ್ಟ ಮೇಡಂ’ ಎಂದು ಸುಮ್ಮನಾಗುತ್ತಾರೆ. ಕಾನೂನು ಏನು ಹೇಳುತ್ತದೆ? ನಾನೇನು ಮಾಡಲಿ? ಹಾಡುವವರಿಗೆ ಬೇಸರವಾಗದಂತೆ ಹೇಳುವುದು ಹೇಗೆ?

ಉತ್ತರ: ‘ನಿಮ್ಮಿಷ್ಟ ಮೇಡಂ’ ಎಂಬ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತು. ಸರಿಹೋದರೆ ಎಲ್ಲರದು, ತಪ್ಪಿದರೆ ನಿಮ್ಮದು ಎಂದು ಅದರ ಅರ್ಥ. ಪಂಚಾಯಿತಿ ಕೆಲಸದಲ್ಲೇ ಕೂದಲು ನರೆಸಿಕೊಂಡ ನಾನೂ ಎಷ್ಟೋ ಅಧ್ಯಕ್ಷರಿಗೆ ಇದೇ ಮಾತು ಹೇಳಿ ಜಾರಿಕೊಂಡಿದ್ದೇನೆ. ಈಗ ನಿವೃತ್ತ. ಹಾಸನದ ಮನೆಯ ಜಗಲಿಯಲ್ಲಿ ಕುಳಿತು ಧೈರ್ಯವಾಗಿ ಉತ್ತರ ಹೇಳುವ ಕಾಲ ಬಂದಿದೆ.

ಕಾನೂನಿನ ಮಾತನ್ನು ಮೊದಲು ಮುಗಿಸೋಣ. ಪ್ರಾರ್ಥನೆಯಿಂದಲೇ ಸಭೆ ಆರಂಭವಾಗಬೇಕು ಎಂದು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಹೇಳುವುದಿಲ್ಲ. ಸಭೆಗೆ ಅದು ಕೇಳುವುದು ನೋಟಿಸು, ಕೋರಂ, ಅಧ್ಯಕ್ಷತೆ, ಬಹುಮತ ಮತ್ತು ನಡಾವಳಿ. ಇಷ್ಟಿದ್ದರೆ ಹಾಡಿಲ್ಲದೆಯೂ ಸಭೆ ಸಿಂಧು. ಇವುಗಳಲ್ಲಿ ಒಂದು ತಪ್ಪಿದರೂ ಎಷ್ಟೇ ಇಂಪಾಗಿ ಹಾಡಿಸಿದರೂ ಆ ಕೊರತೆ ತುಂಬುವುದಿಲ್ಲ. ಸದಸ್ಯತ್ವ ಹೋಗುವುದಕ್ಕೆ ಕಾರಣಗಳನ್ನು ಕಾಯ್ದೆಯೇ ಪಟ್ಟಿ ಮಾಡಿದೆ. ಕೈ ಮುಗಿಯದಿರುವುದು ಅದರಲ್ಲಿಲ್ಲ. ಆದ್ದರಿಂದ ‘ಪ್ರಾರ್ಥನೆ ಕಡ್ಡಾಯ’ ಎಂಬ ಠರಾವನ್ನು ನೀವು ಬಹುಮತದಿಂದ ಅಂಗೀಕರಿಸಿದರೂ ಅದಕ್ಕೆ ಹಲ್ಲಿಲ್ಲ. ಹಲ್ಲಿಲ್ಲದ ಠರಾವು ಊರಿನಲ್ಲಿ ಮಾಡುವ ಗಾಯ ಮಾತ್ರ ನಿಜವಾದದ್ದು.

ನಿಮ್ಮ ಸದಸ್ಯರು ಎದ್ದು ನಿಂತರು, ಕೈ ಮುಗಿಯಲಿಲ್ಲ ಎಂದಿರಿ. ಇದನ್ನು ಓದಿದಾಗ ನನಗೆ ಕೇರಳದ ಮೂವರು ಮಕ್ಕಳು ನೆನಪಾದರು. ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದ ಆ ಒಡಹುಟ್ಟಿದವರು ಶಾಲೆಯಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಮರುವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ರದ್ದುಪಡಿಸಿತು. ಬಿಜೋ ಇಮ್ಯಾನುವೆಲ್ ಪ್ರಕರಣ ಎಂದು ಅದಕ್ಕೆ ಹೆಸರು. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಮಾತನಾಡುವ ಹಕ್ಕಿನೊಳಗೆ ಸುಮ್ಮನಿರುವ ಹಕ್ಕೂ ಇದೆ, ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು 25ನೇ ವಿಧಿ ಕಾಯುತ್ತದೆ ಎಂಬುದು ಅದರ ತಿರುಳು. ಇಡೀ ದೇಶದ ರಾಷ್ಟ್ರಗೀತೆಯ ವಿಷಯದಲ್ಲೇ ನಿಂತರೆ ಸಾಕು ಎಂದಾಗಿದೆ. ಹಾಗಿರುವಾಗ ಪಂಚಾಯಿತಿ ಸಭಾಂಗಣದ ಗಣಪತಿ ಸ್ತುತಿಗೆ ಎದ್ದು ನಿಂತವರು ಬೇಕಾದದ್ದಕ್ಕಿಂತ ಹೆಚ್ಚೇ ಮರ್ಯಾದೆ ತೋರಿಸಿದ್ದಾರೆ. ಕುಳಿತೇ ಇದ್ದಿದ್ದರೂ ನೀವು ಏನೂ ಮಾಡುವಂತಿರಲಿಲ್ಲ.

ಇನ್ನೂ ಹತ್ತಿರದ್ದು ಬೇಕೆಂದರೆ ನಾಸಿಕದ ಶಿಕ್ಷಕರೊಬ್ಬರ ಪ್ರಕರಣವಿದೆ. ಶಾಲೆಯ ಪ್ರಾರ್ಥನೆಯಲ್ಲಿ ಅವರು ಕೈ ಜೋಡಿಸಿ ನಿಲ್ಲಲಿಲ್ಲ ಎಂಬುದು ಅಶಿಸ್ತಾಗಿ ಕಂಡು ಅವರ ವೇತನದ ಸವಲತ್ತಿಗೆ ತಡೆ ಬಿತ್ತು. 2013ರಲ್ಲಿ ಬಾಂಬೆ ಹೈಕೋರ್ಟ್ ಶಿಕ್ಷಕರ ಪರ ನಿಂತಿತು. ಪ್ರಾರ್ಥನೆಯಲ್ಲಿ ಹೀಗೇ ನಿಲ್ಲಬೇಕೆಂದು ಒತ್ತಾಯಿಸುವಂತಿಲ್ಲ ಎಂದಿತು. ಸಂಬಳ ಪಡೆಯುವ ನೌಕರನಿಗೇ ಇಷ್ಟು ರಕ್ಷಣೆ. ಮತ ಪಡೆದು ಬಂದ ಸದಸ್ಯರ ವಿಷಯದಲ್ಲಿ ಚರ್ಚೆಗೂ ಜಾಗವಿಲ್ಲ.

ಹಾಗೆಂದು ಪ್ರಾರ್ಥನೆಯೇ ಕಾನೂನುಬಾಹಿರ, ಹಾಡಿದ ಸಭೆ ಅಸಿಂಧು ಎಂದು ವಾದಿಸುವ ಆ ಇನ್ನೊಬ್ಬ ಸದಸ್ಯರಿಗೂ ನಾನು ಪೂರ್ತಿ ಸೋಲುವವನಲ್ಲ. ನಮ್ಮ ನ್ಯಾಯಾಲಯಗಳು ಇಂಥ ವಿಷಯದಲ್ಲಿ ಕೋಲೆತ್ತಲು ಅವಸರ ಮಾಡುವುದಿಲ್ಲ. ಗುಜರಾತ್ ಹೈಕೋರ್ಟ್‌ನ ಹೊಸ ಕಟ್ಟಡಕ್ಕೆ ಭೂಮಿಪೂಜೆ ಮಾಡಿದ್ದನ್ನು ಒಬ್ಬರು ಪ್ರಶ್ನಿಸಿದಾಗ ಅದೇ ನ್ಯಾಯಾಲಯ 2011ರಲ್ಲಿ ಅರ್ಜಿಯನ್ನು ವಜಾ ಮಾಡಿದ್ದಲ್ಲದೆ ಅರ್ಜಿದಾರರಿಗೆ 20,000 ರೂಪಾಯಿ ದಂಡವನ್ನೂ ಹಾಕಿತು. ಕೇಂದ್ರೀಯ ವಿದ್ಯಾಲಯಗಳ ಸಂಸ್ಕೃತ ಪ್ರಾರ್ಥನೆಯ ಪ್ರಶ್ನೆಯನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ತಾವೇ ತೀರ್ಮಾನಿಸದೆ ಸಂವಿಧಾನ ಪೀಠಕ್ಕೆ ಒಪ್ಪಿಸಬೇಕೆಂದರು. ಅಂದರೆ ಒತ್ತಾಯ ಸಲ್ಲದು ಎಂಬುದು ನಿಚ್ಚಳ. ಒತ್ತಾಯವಿಲ್ಲದ ಪ್ರಾರ್ಥನೆಯ ಬಗ್ಗೆ ಕಾನೂನು ಅಷ್ಟು ಖಡಾಖಂಡಿತವಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಅಧ್ಯಕ್ಷರ ವಿವೇಕ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಈ ಪದ್ಧತಿ ನಮ್ಮ ಸಭೆಗಳಿಗೆ ಬಂದದ್ದು ಶಾಲೆಯಿಂದ ಮತ್ತು ಸಮಾರಂಭಗಳಿಂದ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಕೊನೆಗೆ ವಂದನಾರ್ಪಣೆ: ಈ ಮೆಟ್ಟಿಲುಗಳನ್ನು ಹತ್ತದೆ ನಮ್ಮಲ್ಲಿ ಹೊಲಿಗೆ ತರಬೇತಿಯ ಉದ್ಘಾಟನೆಯೂ ಆಗುವುದಿಲ್ಲ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಸಮಾರಂಭ ಬೇರೆ, ಸಭೆ ಬೇರೆ. ಸಮಾರಂಭದಲ್ಲಿ ಕರೆದವರು ಇರುತ್ತಾರೆ, ಬಂದವರು ಇರುತ್ತಾರೆ. ನಿಮ್ಮ ಮನೆಯ ಗೃಹಪ್ರವೇಶಕ್ಕೆ ಬಂದವನು ನಿಮ್ಮ ದೇವರಿಗೆ ಕೈ ಮುಗಿಯದೆ ಊಟ ಮಾಡಿ ಹೋದರೂ ಅವನು ನೆಂಟನೇ. ಪಂಚಾಯಿತಿ ಸಭೆಯಲ್ಲಿ ನೆಂಟರೇ ಇಲ್ಲ. ಕರೆದವರೂ ಬಂದವರೂ ಒಬ್ಬರೇ. ಅಲ್ಲಿ ಹಾಡುವ ಹಾಡು ಇಡೀ ಪಂಚಾಯಿತಿಯ ಬಾಯಿಂದ ಬಂದಂತೆ ಕೇಳಿಸುತ್ತದೆ. ತೊಡಕು ಇರುವುದು ಅಲ್ಲಿ, ಗಣಪತಿಯಲ್ಲಿ ಅಲ್ಲ.

ನಮ್ಮ ಜಿಲ್ಲೆಯವರು ತಕ್ಷಣ ಹಲ್ಮಿಡಿಯನ್ನು ಎತ್ತುತ್ತಾರೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆಂದು ಹೇಳುವ ಶಾಸನ ಶುರುವಾಗುವುದೇ ಅಚ್ಯುತನ ಸ್ತುತಿಯಿಂದ. ಆಮೇಲೆ ಯುದ್ಧದಲ್ಲಿ ಶೌರ್ಯ ತೋರಿದವನಿಗೆ ಊರುಗಳನ್ನು ಕೊಟ್ಟ ಆಡಳಿತದ ಮಾತು. ಕನ್ನಡದ ಮೊದಲ ಕಡತವೇ ದೇವರ ಹೆಸರಿನಿಂದ ಆರಂಭವಾಗಿದೆ, ನಿಮ್ಮ ಪಂಚಾಯಿತಿ ಯಾವ ಲೆಕ್ಕ ಎಂದು ಒಬ್ಬ ಹಿರಿಯ ಸದಸ್ಯರು ನನ್ನನ್ನು ಒಮ್ಮೆ ತಬ್ಬಿಬ್ಬು ಮಾಡಿದ್ದರು. ಅಂದು ಉತ್ತರ ಹೊಳೆಯಲಿಲ್ಲ, ಬಸ್ಸಿನಲ್ಲಿ ಮನೆಗೆ ಬರುವಾಗ ಹೊಳೆಯಿತು. ಆ ಕಲ್ಲು ನೆಡಿಸಿದವರು ಅರಸನ ಕಡೆಯವರು. ಕೊಡುವವನು ಅರಸ, ಆದ್ದರಿಂದ ಅವನ ದೇವರು. ನಮ್ಮ ಪಂಚಾಯಿತಿಯಲ್ಲಿ ಕೊಡುವವನು ಯಾರು? ಲೈನ್ ಮನೆಯ ನೀರಿನ ಕಂದಾಯವೂ ಅದೇ ಖಾತೆಗೆ ಬೀಳುತ್ತದೆ, ಎಸ್ಟೇಟಿನ ತೆರಿಗೆಯೂ ಅದೇ ಖಾತೆಗೆ.

ಹಾಸನ ಜಿಲ್ಲೆಯಲ್ಲೇ ಇನ್ನೊಂದು ಶಾಸನವಿದೆ. ಅದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ ಎಂಬುದು ನನಗೆ ಬೇಸರ. ಶ್ರವಣಬೆಳಗೊಳದಲ್ಲಿರುವ, 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದು, ಜೈನರು ಅರಸನ ಬಳಿ ದೂರು ಒಯ್ದರು. ಕಲಶ, ಪಂಚಮಹಾವಾದ್ಯದ ಮರ್ಯಾದೆ ಯಾರಿಗೆ ಸಲ್ಲಬೇಕು ಎಂಬುದೂ ಆ ಜಗಳದಲ್ಲಿತ್ತು. ಅಂದರೆ ಆಗಿನ ಕಾಲದ ‘ಸಭಾ ಮರ್ಯಾದೆ’ಯ ಜಗಳ. ಬುಕ್ಕರಾಯ ಎರಡೂ ಕಡೆಯ ದೊಡ್ಡವರನ್ನು ಕೂಡಿಸಿ, ವೈಷ್ಣವರ ಕೈಯಲ್ಲಿ ಜೈನರ ಕೈಯಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಕಲಶ ವಾದ್ಯಗಳಿಗೆ ಅಡ್ಡಿಯಿಲ್ಲವೆಂದು ಕಲ್ಲಿನಲ್ಲಿ ಬರೆಸಿದ. ನೀನು ಸರಿ ನೀನು ತಪ್ಪು ಎನ್ನುವ ಗೊಡವೆಗೆ ಹೋಗಲಿಲ್ಲ. ಅಷ್ಟೇ ಆಗಿದ್ದರೆ ಅದು ಬರೀ ಒಳ್ಳೆಯ ಮಾತಾಗುತ್ತಿತ್ತು. ಅವನು ಲೆಕ್ಕವನ್ನೂ ಕಟ್ಟಿದ: ಜೈನರ ಮನೆಮನೆಯಿಂದ ವರ್ಷಕ್ಕೆ ಒಂದೊಂದು ಹಣ ಎತ್ತಿ, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಿನವರನ್ನು ಇಡಬೇಕು, ಉಳಿದದ್ದರಲ್ಲಿ ಬಸದಿಗಳಿಗೆ ಸುಣ್ಣ ಬಳಿಸಬೇಕು, ಈ ಏರ್ಪಾಡನ್ನು ನೋಡಿಕೊಳ್ಳಬೇಕಾದವರು ವೈಷ್ಣವರ ಕಡೆಯ ತಿರುಮಲೆಯ ತಾತಯ್ಯ. ಜಗಳವಾಡಿದವರ ಕೈಗೇ ಕಾವಲಿನ ಹೊಣೆ. ಅರಸನಾದವನು ಎರಡು ಗುಂಪುಗಳ ನಡುವೆ ನಿಂತಾಗ ತನ್ನ ನಂಬಿಕೆಯನ್ನು ಒಂದಿಷ್ಟು ಹಿಂದೆ ಸರಿಸಿಕೊಳ್ಳಬೇಕಾಗುತ್ತದೆ ಎಂದು ನಮ್ಮ ಕಡೆಯ ಕಲ್ಲೇ ಹೇಳುತ್ತದೆ. ಹಲ್ಮಿಡಿಯ ಕಲ್ಲು ನಿಮಗೆ ಮೊದಲ ಪುಟ, ಬೆಳಗೊಳದ ಕಲ್ಲು ನಂತರದ ತಿದ್ದುಪಡಿ ಎಂದುಕೊಳ್ಳಿ.

ಸಂವಿಧಾನ ಸಭೆಯಲ್ಲೂ ಇದೇ ಚರ್ಚೆ ಬಂದಿತ್ತು. 1949ರ ಅಕ್ಟೋಬರ್ 17ರಂದು, ಪೀಠಿಕೆಯನ್ನು ‘ದೇವರ ಹೆಸರಿನಲ್ಲಿ’ ಎಂದು ಆರಂಭಿಸಬೇಕೆಂದು ಎಚ್.ವಿ. ಕಾಮತ್ ತಿದ್ದುಪಡಿ ತಂದರು. ಸದನ ನಾಸ್ತಿಕರ ಗುಂಪೇನೂ ಆಗಿರಲಿಲ್ಲ. ಪೀಠದಲ್ಲಿದ್ದವರು ರಾಜೇಂದ್ರ ಪ್ರಸಾದರು. ದೇವರೆಂದರೆ ಸಾಲದು, ದೇವಿ ಎಂದೂ ಇರಲಿ ಎಂದು ಇನ್ನೊಬ್ಬರು ಕೇಳಿದರು. ನಂಬಿಕೆ ಒಬ್ಬೊಬ್ಬರ ಸ್ವಂತದ್ದು, ಅದನ್ನು ಎಲ್ಲರ ಮೇಲೆ ಹೇರುವುದು ಬೇಡ ಎಂದು ವಿರೋಧಿಸಿದವರಲ್ಲಿ ದೈವಭಕ್ತರೇ ಇದ್ದರು. ಕೊನೆಗೆ ಮತಕ್ಕೆ ಹಾಕಿದಾಗ ಪರ 41, ವಿರುದ್ಧ 68. ದೇವರನ್ನು ಮತಕ್ಕೆ ಹಾಕುವುದೇ ಸಂಕಟದ ಕೆಲಸ ಎಂದು ಅಲ್ಲಿದ್ದವರಿಗೂ ಅನ್ನಿಸಿತ್ತು. ನಿಮ್ಮ ಇಬ್ಬರು ಸದಸ್ಯರಿಗೆ ನೀವು ಹೇಳಬೇಕಾದ ಮಾತೂ ಅದೇ: ಠರಾವು ಮಾಡೋಣ ಎಂದರೆ ಗಣಪತಿಯನ್ನು ಕೈ ಎತ್ತಿಸಿ ಎಣಿಸಬೇಕಾಗುತ್ತದೆ. ಹನ್ನೊಂದಕ್ಕೆ ಎಂಟು ಬಂದರೆ ಅವನಿಗೆ ಗೌರವವೋ, ಅವಮಾನವೋ?

ಸಂವಿಧಾನ ಇನ್ನೊಂದು ಕಡೆ ಎಷ್ಟು ಚೆಂದವಾಗಿ ದಾರಿ ಬಿಟ್ಟಿದೆ ನೋಡಿ. ಮೂರನೆಯ ಅನುಸೂಚಿಯ ಪ್ರಮಾಣವಚನದಲ್ಲಿ ‘ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ’ ಎಂದೂ ಹೇಳಬಹುದು, ದೇವರನ್ನು ಕರೆಯದೆ ‘ದೃಢೀಕರಿಸುತ್ತೇನೆ’ ಎಂದೂ ಹೇಳಬಹುದು. ಎರಡಕ್ಕೂ ತೂಕ ಒಂದೇ. ನಂಬುವವನ ಬಾಯಿ ಮುಚ್ಚಿಸಿಲ್ಲ, ನಂಬದವನ ಬಾಯಿಗೆ ಮಾತು ತುರುಕಿಲ್ಲ.

ಬೇರೆ ದೇಶಗಳಲ್ಲಿ ಇದೇ ಜಗಳ ಪಟ್ಟಣ ಸಭೆಗಳಿಂದ ದೊಡ್ಡ ನ್ಯಾಯಾಲಯಗಳವರೆಗೆ ಹೋಗಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಗ್ರೀಸ್ ಎಂಬ ಪಟ್ಟಣವಿದೆ. ಅಲ್ಲಿನ ಸಭೆ ಮೊದಲು ಒಂದು ಕ್ಷಣದ ಮೌನದಿಂದ ಆರಂಭವಾಗುತ್ತಿತ್ತು. 1999ರಿಂದ ಊರಿನ ಪಾದ್ರಿಗಳನ್ನು ಕರೆಸಿ ಪ್ರಾರ್ಥನೆ ಮಾಡಿಸತೊಡಗಿದರು. ಇಬ್ಬರು ಮಹಿಳೆಯರು, ಒಬ್ಬರು ಯಹೂದಿ, ಒಬ್ಬರು ನಾಸ್ತಿಕರು, ನ್ಯಾಯಾಲಯಕ್ಕೆ ಹೋದರು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಲ್ಲಿ ಪಟ್ಟಣದ ಪರವಾಗಿ ತೀರ್ಪು ನೀಡಿತು. ಹಳೆಯ ಸಂಪ್ರದಾಯ, ಯಾರನ್ನೂ ಬಲವಂತ ಮಾಡಿಲ್ಲ ಎಂಬುದು ಬಹುಮತದ ವಾದ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೋತ ನಾಲ್ವರ ಕಡೆಯಿಂದ ನ್ಯಾಯಮೂರ್ತಿ ಎಲೆನಾ ಕೇಗನ್ ಬರೆದ ಭಿನ್ನ ತೀರ್ಪು. ಏನೋ ಒಂದು ಪರವಾನಗಿ ಕೇಳಲು ಆ ಸಭೆಗೆ ಬಂದ ಮುಸ್ಲಿಂ ಪ್ರಜೆಯೊಬ್ಬರನ್ನು ಕಲ್ಪಿಸಿಕೊಳ್ಳಿ ಎನ್ನುತ್ತಾರೆ ಅವರು. ತನ್ನದಲ್ಲದ ಪ್ರಾರ್ಥನೆಗೆ ತಲೆಬಾಗಬೇಕು, ಇಲ್ಲವೇ ತಾನು ಬೇರೆಯವಳೆಂದು ಎಲ್ಲರೆದುರು ತೋರಿಸಿಕೊಳ್ಳಬೇಕು. ಅದೂ ಯಾರಿಂದ ಕೆಲಸವಾಗಬೇಕೋ ಅವರ ಕಣ್ಣೆದುರೇ.

ಈ ಮಾತು ನಮ್ಮ ಗ್ರಾಮ ಸಭೆಗೆ ಎಷ್ಟು ಹೊಂದುತ್ತದೆಂದರೆ, ಕೇಗನ್ ಅವರು ಮೂಡಿಗೆರೆಗೆ ಬಂದು ಹೋಗಿದ್ದರೋ ಏನೋ ಅನ್ನಿಸುತ್ತದೆ. ಸಾಮಾನ್ಯ ಸಭೆಯಲ್ಲಿ ಸದಸ್ಯರು ಸದಸ್ಯರಿಗೆ ಸಮಾನರು; ಕೈ ಮುಗಿಯದೆ ನಿಲ್ಲುವ ಧೈರ್ಯ ನಿಮ್ಮ ಸದಸ್ಯರಿಗಿದೆ. ಗ್ರಾಮ ಸಭೆಗೆ ಬರುವವರು ಯಾರು? ವಸತಿ ಯೋಜನೆಯ ಫಲಾನುಭವಿ ಪಟ್ಟಿಯಲ್ಲಿ ಹೆಸರು ಬರಲಿ ಎಂದು ಕೂಲಿ ಬಿಟ್ಟು ಬಂದವರು. ಆನೆ ತುಳಿದ ಬಾಳೆಯ ಅರ್ಜಿ ಹಿಡಿದು ಬಂದವರು. ಅವರು ಕೈ ಮುಗಿದದ್ದನ್ನು ನೋಡಿ ‘ಎಲ್ಲರೂ ಒಪ್ಪಿದ್ದಾರಲ್ಲ’ ಎನ್ನಬೇಡಿ. ಮನೆ ಬೇಕಾದವಳು ಯಾವ ದೇವರಿಗಾದರೂ ಕೈ ಮುಗಿಯುತ್ತಾಳೆ.

ಕೆನಡಾದ ಸಗೆನೆ ಎಂಬ ನಗರದ ಕತೆ ಬೇರೆ. ಅಲ್ಲಿ ಮೇಯರ್ ಅವರೇ ಮೈಕಿನ ಮುಂದೆ ಶಿಲುಬೆಯ ಗುರುತು ಮಾಡಿ ಪ್ರಾರ್ಥಿಸುತ್ತಿದ್ದರು. ತಕರಾರು ಬಂದಾಗ ಪ್ರಾರ್ಥನೆಗೂ ಸಭೆಯ ಆರಂಭಕ್ಕೂ ನಡುವೆ ಎರಡು ನಿಮಿಷ ಬಿಡುವುದಾಗಿ ನಗರಸಭೆ ನಿಯಮ ಮಾಡಿತು. ನಂಬದವರು ಆ ಎರಡು ನಿಮಿಷದಲ್ಲಿ ಒಳಗೆ ಬರಲಿ ಎಂಬ ಉಪಾಯ. 2015ರ ಏಪ್ರಿಲ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿ, ದೂರು ಕೊಟ್ಟ ನಿವಾಸಿಗೆ 30,000 ಡಾಲರ್ ಪರಿಹಾರವನ್ನೂ ಕೊಡಿಸಿತು. ಇಂಗ್ಲೆಂಡಿನ ಬಿಡ್‌ಫರ್ಡ್ ಪಟ್ಟಣದ ವಿಷಯದಲ್ಲಿ 2012ರಲ್ಲಿ ಹೈಕೋರ್ಟ್, ಪ್ರಾರ್ಥನೆಯನ್ನು ಸಭೆಯ ಅಧಿಕೃತ ಕಲಾಪವಾಗಿ ಇಡುವ ಅಧಿಕಾರ ಕೌನ್ಸಿಲಿಗೆ ಕಾನೂನಿನಲ್ಲಿ ಇಲ್ಲ, ಬೇಕಾದವರು ಸಭೆಗೆ ಮುಂಚೆ ಮಾಡಿಕೊಳ್ಳಲಿ ಎಂದಿತು. ಮೂರೇ ವರ್ಷದಲ್ಲಿ ಅಲ್ಲಿನ ಪಾರ್ಲಿಮೆಂಟು ಕಾಯ್ದೆ ತಂದು ಅಧಿಕಾರ ಕೊಟ್ಟಿತು! ಈ ಮೂರು ತೀರ್ಪುಗಳೂ ನಮ್ಮ ಪಂಚಾಯಿತಿಯನ್ನು ಕಟ್ಟಿಹಾಕುವುದಿಲ್ಲ. ಆದರೆ ಸಗೆನೆಯ ಆ ಎರಡು ನಿಮಿಷವನ್ನು ನೆನಪಿಡಿ, ಅದಕ್ಕೆ ಮತ್ತೆ ಬರುತ್ತೇನೆ.

ಏಕೆಂದರೆ ಆ ಎರಡು ನಿಮಿಷ ನಮ್ಮಲ್ಲೂ ಇತ್ತು, ನಿಯಮವಿಲ್ಲದೆ. ಈಗಿನ ಗ್ರಾಮ ಪಂಚಾಯಿತಿಗಳಿಗೆ ಮುಂಚಿನ ಮಂಡಲ ಪಂಚಾಯಿತಿಗಳ ಕಾಲ; 1987ರ ಚುನಾವಣೆಯ ನಂತರದ ದಿನಗಳು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಹೆಸರು ಹೇಳಿದರೆ ಊರೂರಲ್ಲಿ ಬೋರ್‌ವೆಲ್ ನೆನಪಾಗುತ್ತಿದ್ದ ಕಾಲ. ಸಕಲೇಶಪುರದ ಕಡೆಯ ಒಂದು ಮಂಡಲದಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ದನಿ ಚೆನ್ನಾಗಿದೆ ಎಂದು ಪ್ರಾರ್ಥನೆಯನ್ನು ನನ್ನ ತಲೆಗೇ ಕಟ್ಟಿದ್ದರು. ಹಿರಿಯ ಮುಸ್ಲಿಂ ಸದಸ್ಯರೊಬ್ಬರು ಪ್ರತಿ ಸಭೆಗೂ ಐದು ನಿಮಿಷ ತಡವಾಗಿ ಬರುತ್ತಿದ್ದರು. ಶಿಸ್ತಿಲ್ಲದ ಮನುಷ್ಯ ಎಂದು ನಾನು ಅಂದುಕೊಂಡಿದ್ದೆ. ಹಾಜರಿ ಪುಸ್ತಕದಲ್ಲಿ ಅವರ ಸಹಿ ಯಾವಾಗಲೂ ಕೊನೆಯದು. ಒಂದು ದಿನ ಗಂಟಲು ಕೆಟ್ಟು ಹಾಡದೆ ಹೊರಗೆ ಬಂದರೆ, ಅವರು ಮಾವಿನ ಮರದಡಿ ಬೀಡಿ ಹಚ್ಚಿಕೊಂಡು ನಿಂತಿದ್ದರು. ಅರ್ಧ ಗಂಟೆ ಮೊದಲೇ ಬಂದಿದ್ದರಂತೆ. ‘ಇವತ್ತು ಹಾಡು ಇಲ್ಲವೇ? ಮತ್ತೆ ನಾನು ಒಳಗೆ ಯಾವಾಗ ಬರುವುದು?’ ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ. ನನ್ನ ಹಾಡು ಅವರಿಗೆ ಗಡಿಯಾರವಾಗಿತ್ತು, ಅಷ್ಟೆ.

ನಾಲ್ಕು ವರ್ಷ ಆ ಮನುಷ್ಯ ಯಾರ ಮನಸ್ಸನ್ನೂ ನೋಯಿಸದೆ ಮರದಡಿ ನಿಂತರು. ನಾವು ಅದನ್ನು ಸೌಹಾರ್ದ ಎಂದು ಕರೆದೆವು. ಹೌದು, ಅದು ಸೌಹಾರ್ದವೇ. ಆದರೆ ಅದರ ಖರ್ಚೆಲ್ಲ ಒಬ್ಬರ ಲೆಕ್ಕಕ್ಕೆ ಬಿದ್ದಿತ್ತು. ನಿಮ್ಮ ಲೈನ್ ಮನೆಯ ಸದಸ್ಯರು ಮಾಡಿದ ‘ತಪ್ಪು’ ಇಷ್ಟೇ, ಮರದಡಿ ನಿಲ್ಲದೆ ಹೊತ್ತಿಗೆ ಸರಿಯಾಗಿ ಒಳಗೆ ಬಂದದ್ದು.

ಇಷ್ಟು ಕೇಳಿದ ಮೇಲೆ ಯಾರಾದರೂ ಎದ್ದು, ಹಾಗಾದರೆ ಸರ್ವಧರ್ಮ ಪ್ರಾರ್ಥನೆ ಮಾಡಿಸೋಣ ಎನ್ನುತ್ತಾರೆ. ಕೇಳಲು ಹಿತವಾಗಿದೆ. ನಾನೂ ಒಂದೆರಡು ಕಡೆ ಮಾಡಿಸಿ ನೋಡಿದ್ದೇನೆ, ಬೇಡ. ಒಂದು ಸ್ತುತಿ, ಒಂದು ಕುರಾನ್ ಸಾಲು, ಒಂದು ಬೈಬಲ್ ಸಾಲು ಆಗುವಷ್ಟರಲ್ಲಿ ವಚನ ಏಕಿಲ್ಲ ಎಂದು ಒಬ್ಬರು ಏಳುತ್ತಾರೆ. ಬುದ್ಧವಂದನೆ ಏಕಿಲ್ಲ ಎಂದು ಇನ್ನೊಬ್ಬರು. ಹಸಲರು, ಮಲೆಕುಡಿಯರಂಥ ಬುಡಕಟ್ಟಿನವರ ದೈವಗಳಿಗೆ ಪುಸ್ತಕದ ಸಾಲೇ ಇಲ್ಲ, ಅವರೇನು ಹೇಳಬೇಕು? ಯಾವುದು ಮೊದಲು, ಯಾವುದು ಉದ್ದ ಎಂಬ ಲೆಕ್ಕ ಶುರುವಾಗುತ್ತದೆ. ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ಕುರಾನ್ ಪಠಿಸುವ ಹಳೆಯ ಪದ್ಧತಿ ಇದೆಯಲ್ಲ ಎಂದು ಕೇಳಬಹುದು. ಅದು ದೇವರ ಉತ್ಸವ, ಮನೆಯೊಡೆಯ ಕೇಶವ, ಮರ್ಯಾದೆ ಪಡೆಯುವವರು ಯಾರು ಎಂದು ಎಲ್ಲರಿಗೂ ಗೊತ್ತು. ಅಂಥ ಪದ್ಧತಿಯೂ 2022ರಲ್ಲಿ ವಿವಾದಕ್ಕೆ ಸಿಕ್ಕಿತು. ಚರಂಡಿ, ಬೀದಿದೀಪ ಮಾತನಾಡಲು ಸೇರುವ ಸಭೆಗೆ ಅಷ್ಟು ಭಾರ ಏಕೆ?

ಗ್ರೀಸ್ ಪಟ್ಟಣದವರು ಬಿಟ್ಟುಕೊಟ್ಟ ಮೌನ ನನಗೆ ಇಷ್ಟ. ಆದರೆ ನಮ್ಮ ಕಡೆ ಅದು ಕಷ್ಟ. ಒಂದು ನಿಮಿಷ ಮೌನ ಎಂದ ಕೂಡಲೇ ಹಿಂದಿನ ಸಾಲಿನವರು ‘ಯಾರು ತೀರಿಕೊಂಡರು?’ ಎಂದು ಪಿಸುಗುಟ್ಟುತ್ತಾರೆ.

ಹಾಡೇ ಬೇಕೆಂದರೆ ನಾಡಗೀತೆ ಇದೆ. 2004ರಲ್ಲಿ ಅಧಿಕೃತವಾಯಿತು, ಬರೆದ ಕುವೆಂಪು ಹುಟ್ಟಿದ್ದು ನಿಮ್ಮದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷಕ್ಕೆ ಹಾಡಿ ಮುಗಿಸಬೇಕೆಂದು 2022ರಲ್ಲಿ ಸರ್ಕಾರವೇ ಅಳತೆ ಕೊಟ್ಟಿದೆ. ಅಳತೆ ಕೊಟ್ಟದ್ದು ಒಳ್ಳೆಯದಾಯಿತು. ಒಂದು ಗ್ರಾಮ ಸಭೆಯಲ್ಲಿ ಆರು ನುಡಿಯ ಕೀರ್ತನೆಯೊಂದು ಕಾಲು ಗಂಟೆ ನಡೆದು, ಸಂಜೆಯ ಕೊನೆಯ ಬಸ್ಸಿಗೆ ಹೋಗಬೇಕಾದ ವಿಧವೆಯೊಬ್ಬರು ಪಿಂಚಣಿಯ ಅರ್ಜಿಯನ್ನು ನನ್ನ ಮೇಜಿನ ಮೇಲಿಟ್ಟು ಮಾತೇ ಆಡದೆ ಹೊರಟುಹೋದದ್ದನ್ನು ನೋಡಿದವನು ನಾನು. ಸಂವಿಧಾನದ ಪೀಠಿಕೆಯನ್ನು ಓದಿಸಬಹುದು; 2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಸಾಮೂಹಿಕವಾಗಿ ಓದಿದ ಮೇಲೆ ಅದು ಹಳ್ಳಿಗಳಿಗೂ ಹೊಸದಲ್ಲ. ಎರಡರಲ್ಲಿ ಯಾವುದಾದರೂ ಇರಲಿ. ಯಾರೋ ದನಿಗೂಡಿಸಲಿಲ್ಲ ಎಂದು ಆಗಲೂ ನೋಡುತ್ತಾ ಕೂರಬೇಡಿ.

ಇನ್ನು ನೀವು ಮಾಡಬೇಕಾದದ್ದು. ಮುಂದಿನ ಸಭೆಯ ನೋಟಿಸು ಹೊರಡುವ ಮುನ್ನ ಆ ಇಬ್ಬರು ಸದಸ್ಯರ ಮನೆಗೆ ನೀವೇ ಹೋಗಿ. ಫೋನಿನಲ್ಲಿ ಬೇಡ. ಕಾನೂನಿನ ಮಾತನ್ನೂ ಮೊದಲೇ ತೆಗೆಯಬೇಡಿ, ಕಾಫಿ ಕುಡಿದ ಮೇಲೆ ತೆಗೆಯಿರಿ. ಮರದಡಿ ನಿಂತ ಹಿರಿಯರ ಕತೆಯನ್ನು ಬೇಕಾದರೆ ಹೇಳಿ. ನಡಾವಳಿಯಲ್ಲಿ ಒಬ್ಬ ಸದಸ್ಯರು ಕೈ ಮುಗಿಯಲಿಲ್ಲವೆಂದು ಬರೆದರೆ ಅದು ನಾಳೆ ಮಾಹಿತಿ ಹಕ್ಕಿನಲ್ಲಿ ಹೊರಬರುವ ಕಾಗದ, ಅದರ ಕೆಳಗೆ ಇರುವುದು ಅಧ್ಯಕ್ಷೆಯ ಸಹಿ ಎಂದು ತಿಳಿಸಿ. ಲೈನ್ ಮನೆಯ ಸದಸ್ಯರ ಬಳಿ ಹೋಗಿ ‘ಸುಮ್ಮನೆ ಒಂದು ಸಲ ಕೈ ಮುಗಿದುಬಿಡಿ’ ಎಂದು ಮಾತ್ರ ಬೇಡಿಕೊಳ್ಳಬೇಡಿ. ಅದು ರಾಜಿಯಂತೆ ಕಾಣುತ್ತದೆ, ಆದರೆ ಅದು ಠರಾವೇ, ಬಾಯಿಮಾತಿನದು, ಅಷ್ಟೆ.

ಗ್ರಾಮ ಸಭೆಯಲ್ಲಿ ಪ್ರಾರ್ಥನೆಯನ್ನು ಪೂರ್ತಿ ಬಿಡಿ. ಕಾರಣ ಮೇಲೆ ಹೇಳಿದ್ದೇನೆ. ಸಾಮಾನ್ಯ ಸಭೆಯ ಮಟ್ಟಿಗೆ, ಬೇಕಾದವರು ಬೇಗ ಬಂದು ಹಾಡಿಕೊಳ್ಳಲಿ, ಆದರೆ ಅದು ನಿಜವಾಗಿ ಸಭೆಗೆ ಮುಂಚಿನದಾಗಿರಲಿ. ಇಲ್ಲಿ ಸಗೆನೆಯನ್ನು ನೆನೆಯಿರಿ. ಅದೇ ಕುರ್ಚಿ, ಅದೇ ಮೈಕು, ಎರಡು ನಿಮಿಷದ ಅಂತರ ಎಂದರೆ ಅದು ಮುಂಚಿನದಾಗುವುದಿಲ್ಲ. ಸಭೆ ಹನ್ನೊಂದಕ್ಕಿದ್ದರೆ ಹಾಡು ಹತ್ತೂವರೆಗೆ, ಸಭಾಂಗಣದ ಬದಲು ಕಚೇರಿಯಲ್ಲಿ ಗಣಪತಿ ಪಟ ಇರುವ ಗೋಡೆಯ ಬಳಿ. ಅಧ್ಯಕ್ಷರ ಕುರ್ಚಿಯಲ್ಲಿ ನೀವು ಆಗ ಕೂರಬೇಡಿ. ಹೋಗುವುದಿದ್ದರೆ ಭಕ್ತೆಯಾಗಿ ಹೋಗಿ. ಹೂವು, ಕರ್ಪೂರದ ಖರ್ಚನ್ನು ಪಂಚಾಯಿತಿಯ ಖಾತೆಯಿಂದ ತೆಗೆಯಬೇಡಿ. ತೆರಿಗೆಯ ಹಣವನ್ನು ಒಂದು ಧರ್ಮದ ಪ್ರಚಾರಕ್ಕೆ ಬಳಸುವುದರ ಬಗ್ಗೆ 27ನೇ ವಿಧಿ ಇದೆ, ಅದಕ್ಕಿಂತ ಹತ್ತಿರದಲ್ಲಿ ಆಡಿಟಿನವರಿದ್ದಾರೆ. ಆಯುಧಪೂಜೆಯ ಬೂದುಗುಂಬಳದ ಬಗ್ಗೆ ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ.

ಹಾಡುವವರಿಗೆ ಬೇಸರವಾಗದಂತೆ ಹೇಳುವುದು ಹೇಗೆ ಎಂದು ಕೇಳಿದ್ದೀರಿ. ನಿಮ್ಮ ಇಡೀ ಪತ್ರದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ಸಾಲು ಅದು. ಹೇಳುವ ಮೊದಲು ಒಂದು ಮಾತು ಕೇಳಿ ನೋಡಿ: ಅವರಿಗೆ ಹಾಡಲು ಇಷ್ಟವಿದೆಯೇ? ಬಿಲ್ ಕಲೆಕ್ಟರ್ ಬೆಳಗ್ಗೆಯೆಲ್ಲ ಕಂದಾಯಕ್ಕೆ ಅಲೆದು, ಬೈಸಿಕೊಂಡು, ಹನ್ನೊಂದು ಗಂಟೆಗೆ ಬಂದು ಶ್ರುತಿ ಹಿಡಿಯಬೇಕು. ಬೇಡ ಎನ್ನಲು ಅವರಿಗೂ ದಾರಿಯಿರಲಿಲ್ಲ, ನನಗೂ ಇರಲಿಲ್ಲ. ಇಷ್ಟವಿದ್ದರೆ ಆಗಸ್ಟ್ 15ಕ್ಕೆ, ನವೆಂಬರ್ 1ಕ್ಕೆ ಅವರನ್ನೇ ಮುಂದೆ ನಿಲ್ಲಿಸಿ, ನಾಡಗೀತೆಯನ್ನು ಮಕ್ಕಳಿಗೆ ಕಲಿಸುವ ಕೆಲಸವನ್ನೂ ಒಪ್ಪಿಸಿ. ಮುಂದಿನ ಸಭೆಯ ದಿನ ಹಾಜರಿ ಪುಸ್ತಕ ಅವರ ಕೈಯಲ್ಲಿರಲಿ, ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಸಹಿ ಪಡೆಯಲಿ. ನಡಾವಳಿಯ ಮೊದಲ ಸಾಲು ‘ಪ್ರಾರ್ಥನೆಯೊಂದಿಗೆ ಸಭೆ ಆರಂಭವಾಯಿತು’ ಎಂದು ಅಭ್ಯಾಸಬಲದಿಂದ ಬರದಂತೆ ಪಿಡಿಒ ಅವರಿಗೆ ಮೊದಲೇ ಹೇಳಿಡಿ. ‘ಕೋರಂ ಇದ್ದುದರಿಂದ ಬೆಳಗ್ಗೆ 11 ಗಂಟೆಗೆ ಸಭೆ ಆರಂಭಿಸಲಾಯಿತು’ ಎಂದಿರಲಿ. ಅವರು ‘ನಿಮ್ಮಿಷ್ಟ ಮೇಡಂ’ ಎಂದರೆ, ಹೌದು ಎನ್ನಿ.